ಮನೆಯಲ್ಲಿ ಹಿರಿಯರ ಆರೈಕೆ: ಏಜೆನ್ಸಿಯವರು, ನಾವೇ ನೇಮಿಸಿಕೊಂಡವರು, ಹಗಲು ಆರೈಕೆ ಕೇಂದ್ರ

ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ ನಮ್ಮ ತಂದೆಯವರ ಆರೈಕೆಗೆ ನಾವು ಮೂರು ಏರ್ಪಾಡುಗಳನ್ನು ಒಂದಾದ ಮೇಲೊಂದರಂತೆ ಮಾಡಿ ನೋಡಿದೆವು: ಏಜೆನ್ಸಿ ಕಳುಹಿಸುವ ಆರೈಕೆದಾರರು, ನಾವೇ ಗೊತ್ತುಮಾಡಿಕೊಂಡ ಒಬ್ಬ ಆರೈಕೆದಾರರು ಮತ್ತು ಹಗಲು ಆರೈಕೆ ಕೇಂದ್ರ. ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ, ದಿನದ ಯಾವ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು ಎಂದು ಕೇಳಿಕೊಂಡಾಗಲೇ ಈ ಮೂರರ ವ್ಯತ್ಯಾಸ ಸ್ಪಷ್ಟವಾಯಿತು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಳತೆಗೋಲು ಇದಕ್ಕೆ ಇಂದಿಗೂ ಸಾಕು. ಸ್ನಾನ, ಉಡುಪು ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರಗಳ ಮೇಲಿನ ಹಿಡಿತ, ಊಟ ಎಂಬ ಆರು ಕೆಲಸಗಳನ್ನು ಅದು ಪರಿಗಣಿಸುತ್ತದೆ. ತಂದೆಯವರಿಗೆ ಮೊದಲ ನಾಲ್ಕರಲ್ಲಿ ನೆರವು ಬೇಕಿತ್ತು.

ಏಜೆನ್ಸಿಯ ದೊಡ್ಡ ಅನುಕೂಲವೆಂದರೆ, ಒಬ್ಬರು ಬಾರದಿದ್ದರೆ ಮತ್ತೊಬ್ಬರು ಬರುತ್ತಾರೆ. ಅದರ ದೊಡ್ಡ ತೊಡಕು ಕೂಡ ಅದೇ. ಬದಲಿಯಾಗಿ ಬಂದವರಿಗೆ ಯಾವ ಕಾಲು ದುರ್ಬಲ, ವಾಕರ್ ಎಲ್ಲಿರಬೇಕು, ಎದ್ದ ಮೇಲೆ ಎಷ್ಟು ಹೊತ್ತು ನಿಲ್ಲಿಸಿ ನಂತರ ನಡೆಸಬೇಕು ಎಂಬುದನ್ನೆಲ್ಲ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ. ಕೆಲವರು ಕಂಕುಳಿಗೆ ಕೈಹಾಕಿ ಎತ್ತುತ್ತಿದ್ದರು. ಇದರಿಂದ ಹಿರಿಯರ ಭುಜದ ಕೀಲಿಗೂ ಎತ್ತುವವರ ಬೆನ್ನಿಗೂ ಪೆಟ್ಟಾಗಬಹುದು. ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮೈಯನ್ನು ಮುಂದಕ್ಕೆ ಬಾಗಿಸಿ, ನಡುವಿಗೆ ಕಟ್ಟಿದ ಪಟ್ಟಿಯನ್ನು ಹಿಡಿದು ಎಬ್ಬಿಸುವುದನ್ನು ಫಿಸಿಯೋಥೆರಪಿಸ್ಟ್ ನಮಗೆ ತೋರಿಸಿಕೊಟ್ಟಿದ್ದರು, ಆದರೆ ವಾರಕ್ಕೊಬ್ಬರು ಬದಲಾಗುವ ಮನೆಯಲ್ಲಿ ಆ ಪಾಠ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಇನ್ನೊಂದು ಮಾತನ್ನು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳಬೇಕು: ಬರುವವರು ತರಬೇತಾದ ನರ್ಸ್ ಆಗಿರುವರೋ, ದೈನಂದಿನ ಆರೈಕೆಗೆ ಮಾತ್ರವೋ? ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಎರಡನೆಯವರ ಕೆಲಸವಲ್ಲ.

ನಾವೇ ನೇಮಿಸಿಕೊಂಡವರ ವಿಷಯದಲ್ಲಿ ನನ್ನ ಒಲವನ್ನು ಮರೆಮಾಚುವುದಿಲ್ಲ. ದಿನವೂ ನೋಡುವ ಕಣ್ಣಿಗೆ ಕಾಣುವುದು, ಆಗೊಮ್ಮೆ ಈಗೊಮ್ಮೆ ಬರುವವರಿಗೆ ಕಾಣುವುದಿಲ್ಲ. ಪಾದದ ಊತ, ಕಡಿಮೆಯಾದ ಮೂತ್ರ, ಹಿಂದಿನ ದಿನವಿಲ್ಲದ ಮಂಕು ಇಂಥವನ್ನು ಅವರು ಹೇಳದೆ ಬಿಡುತ್ತಿರಲಿಲ್ಲ. ವೃದ್ಧರಲ್ಲಿ ದಿಢೀರನೆ ಕಾಣಿಸುವ ಗೊಂದಲ ಸೋಂಕಿನ ಅಥವಾ ಔಷಧದ ಅಡ್ಡಪರಿಣಾಮದ ಮೊದಲ ಸೂಚನೆಯಾಗಿರಬಹುದಾದ್ದರಿಂದ ಇದು ಸಣ್ಣ ಸಂಗತಿಯಲ್ಲ. ತಂದೆಯವರು ಬೆಳಿಗ್ಗೆ ಎದ್ದು ನಿಂತಾಗ ಮಾತ್ರ ತಲೆಸುತ್ತು ಎನ್ನುತ್ತಾರೆಂದು ಗಮನಿಸಿದವರೂ ಅವರೇ. ವೈದ್ಯರು ಮಲಗಿದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ರಕ್ತದೊತ್ತಡ ಅಳೆದರು. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದು ಹೇಳಿ, ಮಾತ್ರೆಯ ಪ್ರಮಾಣವನ್ನು ತಗ್ಗಿಸಿದರು.

ಆದರೆ ಈ ಏರ್ಪಾಡಿನಲ್ಲಿ ನಾವೇ ಉದ್ಯೋಗದಾತರಾಗುತ್ತೇವೆ ಎಂಬುದನ್ನು ಮರೆಯುವಂತಿಲ್ಲ. ವಾರದ ರಜೆ, ಕೆಲಸದ ಅವಧಿ, ಅವರ ಕಾಯಿಲೆಯ ದಿನಗಳು ಎಲ್ಲವೂ ಬರಹದಲ್ಲಿರಬೇಕು. ಹಗಲಿಡೀ ದುಡಿದವರೇ ರಾತ್ರಿಯೂ ಎಚ್ಚರವಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ, ಸುರಕ್ಷಿತವೂ ಅಲ್ಲ. ಅವರು ಊರಿಗೆ ಹೋದಾಗ ಮನೆಯವರೇ ನಿಲ್ಲಬೇಕಾಗುತ್ತದೆ.

ಹಗಲು ಆರೈಕೆ ಕೇಂದ್ರ ನಮಗೆ ಒಗ್ಗಲಿಲ್ಲ. ಅಲ್ಲಿ ವ್ಯಾಯಾಮವಿತ್ತು, ಓರಗೆಯವರ ಮಾತುಕತೆಯಿತ್ತು. ಆದರೆ ಅಲ್ಲಿಗೆ ಹೊರಡುವುದಕ್ಕೇ ತಂದೆಯವರಿಗೆ ಕಷ್ಟವಾದ ಆ ನಾಲ್ಕು ಕೆಲಸಗಳೂ ಮುಗಿಯಬೇಕಿತ್ತು. ಮೈ ಗಟ್ಟಿಯಿದ್ದು ನೆನಪು ಮಾಸುತ್ತಿರುವವರಿಗೆ ಅದು ಹೆಚ್ಚು ಹೊಂದುತ್ತದೆಂದು ನನಗನ್ನಿಸುತ್ತದೆ. ಮರೆವಿನ ಕಾಯಿಲೆಯವರಲ್ಲಿ ಚಡಪಡಿಕೆ ಹೆಚ್ಚಾಗಿ ಸಂಜೆಯ ಹೊತ್ತಿಗೆ ಏರುತ್ತದೆ, ಕೇಂದ್ರ ಮುಚ್ಚುವುದೂ ಬಹುಮಟ್ಟಿಗೆ ಅದೇ ಹೊತ್ತಿಗೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಬೇಕು.

ಸರಕಾರದ ಅಥವಾ ವಿಮೆಯ ನೆರವಿದ್ದಲ್ಲಿ ಆಯ್ಕೆಯ ಲೆಕ್ಕವೇ ಬದಲಾಗುತ್ತದೆ. ಜರ್ಮನಿಯಲ್ಲಿ 1995ರಲ್ಲಿ ಆರಂಭವಾದ ಆರೈಕೆ ವಿಮೆಯಲ್ಲಿ ಮನೆಯಲ್ಲೇ ಇರುವವರು ಸೇವೆಯನ್ನಾದರೂ, ಅದಕ್ಕಿಂತ ಕಡಿಮೆ ಮೌಲ್ಯದ ನಗದನ್ನಾದರೂ ಪಡೆಯಬಹುದು, ಎರಡನ್ನೂ ಬೆರೆಸಿಕೊಳ್ಳಲೂಬಹುದು; ಜಪಾನಿನ 2000ದ ವ್ಯವಸ್ಥೆ ಸೇವೆಯನ್ನು ಆಧರಿಸಿದ್ದು. ನಗದು ಕೊಡುವಲ್ಲಿ ನೇರ ನೇಮಕ ಸುಲಭ, ಸೇವೆ ಕೊಡುವಲ್ಲಿ ಮಾನ್ಯತೆ ಪಡೆದ ಸಂಸ್ಥೆಯೇ ಗತಿ. ದೀರ್ಘಕಾಲದ ಆರೈಕೆಯ ಅನೇಕ ವಿಮಾ ಪಾಲಿಸಿಗಳು ಮೇಲೆ ಹೇಳಿದಂಥ ಆರು ಕೆಲಸಗಳಲ್ಲಿ ಎಷ್ಟು ಅಸಾಧ್ಯವಾಗಿವೆ ಎಂಬುದನ್ನು ನೋಡಿಯೇ ಹಣ ಮಂಜೂರು ಮಾಡುವುದರಿಂದ, ದಿನಚರಿಯ ಪುಸ್ತಕವೊಂದನ್ನು ಇಟ್ಟಿರುವುದು ಲೇಸು.

ಈಗ ನಮ್ಮಲ್ಲಿ ಹಗಲಿಗೆ ನೇರವಾಗಿ ನೇಮಿಸಿಕೊಂಡವರಿದ್ದಾರೆ. ಅವರ ರಜೆಯ ದಿನಗಳಿಗೆ ಏಜೆನ್ಸಿಯಿಂದ ಗೊತ್ತಿರುವ ಇಬ್ಬರಲ್ಲೊಬ್ಬರನ್ನೇ ಕಳುಹಿಸಬೇಕೆಂದು ಬರಹದಲ್ಲಿ ಒಪ್ಪಿಸಿದ್ದೇವೆ. ಆ ಇಬ್ಬರೂ ಮೊದಲ ದಿನ ನಮ್ಮ ಆರೈಕೆದಾರರ ಜೊತೆಯಲ್ಲೇ ನಿಂತು ಕೆಲಸ ಕಲಿತರು. ರಾತ್ರಿಯ ಪಾಳಿ ಮನೆಯವರದೇ. ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿಯನ್ನೂ ಕರೆಗಂಟೆಯನ್ನೂ ಇಟ್ಟ ಮೇಲೆ ಅದು ನಿಭಾಯಿಸಬಹುದಾದಷ್ಟು ಹಗುರವಾಗಿದೆ.