ಮೀನು ಮರಿ ಸಾಗಿಸಲು ಲವಂಗದ ಎಣ್ಣೆ: ಕೆಲವು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಸಾಗಿಸುವ ನೀರಿಗೆ ಲವಂಗದ ಎಣ್ಣೆ ಚೂರು ಹಾಕಿದರೆ ಮರಿಗಳು ಸಣ್ಣ ಅಮಲಿನಲ್ಲಿ ಸುಮ್ಮನಿರುತ್ತವೆ. ಎಣ್ಣೆ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರಿಗೂ, ಎಲ್ಲಾ ಸಲವೂ ಬೇಕಾದ ಸಾಮಾನಲ್ಲ.

ನಮ್ಮ ಕೋಲಾರದ ಕಡೆ ಮೀನಿನ ಮಾತು ಜೋರಾಗಿದ್ದು 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆ ತುಂಬಿದ ಮೇಲೆ. ನೀರು ಬಂತು, ಮರಿ ಮಾತ್ರ ದೂರದಿಂದಲೇ ಬರಬೇಕು. ನಾನು ತರುವುದು ಭದ್ರಾ ಪ್ರಾಜೆಕ್ಟ್ ಕಡೆಯಿಂದ. ತರೀಕೆರೆ, ಅರಸೀಕೆರೆ, ತಿಪಟೂರು, ತುಮಕೂರು, ಬೆಂಗಳೂರು ದಾಟಿ ಬರುವಷ್ಟರಲ್ಲಿ ರಾತ್ರಿಯೆಲ್ಲಾ ಕಳೆದಿರುತ್ತದೆ. ಇಷ್ಟು ದೂರಕ್ಕೆ ಮಾತ್ರ ಈ ಎಣ್ಣೆಯ ಬೆಲೆ ಗೊತ್ತಾಗುವುದು.

ಗಾಡಿ ಕುಲುಕಿದಾಗ ಮರಿಗಳು ಗಾಬರಿಯಾಗುತ್ತವೆ. ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ಸಕ್ಕರೆ ಏರುತ್ತದೆ. ಉಸಿರಾಟ ಜಾಸ್ತಿಯಾಗಿ ಆಕ್ಸಿಜನ್ ಬೇಗ ಖರ್ಚಾಗುತ್ತದೆ, ನೀರಿನಲ್ಲಿ ಅಮೋನಿಯ ಸೇರುತ್ತದೆ. ಒಂದಕ್ಕೊಂದು ತಾಗಿ ಹುರುಪೆ ಉದುರುತ್ತದೆ, ಮೈಮೇಲಿನ ಲೋಳೆ ಕಿತ್ತು ಹೋಗುತ್ತದೆ. ಕೆರೆಗೆ ಬಿಟ್ಟಾಗ ಚೆನ್ನಾಗಿಯೇ ಈಜಿಕೊಂಡು ಹೋಗುತ್ತವೆ. ಮೂರ್ನಾಲ್ಕು ದಿನ ಬಿಟ್ಟು ಮೈಮೇಲೆ ಹತ್ತಿಯಂಥ ಬೂಸ್ಟು ಹಿಡಿದು ದಡಕ್ಕೆ ಬಂದು ಬೀಳುತ್ತವೆ. ಮರಿ ಕೊಟ್ಟವರನ್ನು ಬೈದು ಪ್ರಯೋಜನ ಇಲ್ಲ, ಪೆಟ್ಟು ಬಿದ್ದಿರುವುದು ದಾರಿಯಲ್ಲಿ. ಎಣ್ಣೆ ಹಾಕಲು ಶುರು ಮಾಡಿದ ಮೇಲೆ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ: ದಾರಿಯಲ್ಲಿ ಸಾಯುವುದಕ್ಕಿಂತ ಹೆಚ್ಚಾಗಿ, ಬಿಟ್ಟ ಮೇಲೆ ಸಾಯುವುದು ಕಡಿಮೆಯಾಯಿತು.

ಎಣ್ಣೆಯಲ್ಲಿ ಕೆಲಸ ಮಾಡುವುದು ಯೂಜಿನಾಲ್. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತೇವಲ್ಲ, ಅದೇ. ಇದನ್ನು ಸುಮ್ನೆ ನೀರಿಗೆ ಸುರಿದರೆ ಬೆರೆಯುವುದಿಲ್ಲ. ನೀರಿಗಿಂತ ಭಾರ, ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲಿರುವ ಮರಿಗೆ ಪೂರ್ತಿ ಡೋಸ್, ಮೇಲಿನದಕ್ಕೆ ಏನೂ ಇಲ್ಲ. ಅದಕ್ಕೆ ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಗಾಜಿನ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಇಟ್ಟುಕೊಳ್ಳುತ್ತೇನೆ. ಈ ಮಿಶ್ರಣ 1 ಮಿ.ಲೀ. ತೆಗೆದು 10 ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ ಹತ್ತಿರ ಹತ್ತಿರ 10 ಮಿಲಿಗ್ರಾಂ ಎಣ್ಣೆ ಬೀಳುತ್ತದೆ. ನನ್ನ ಮಟ್ಟಿಗೆ ಅದು ಮೇಲಿನ ಮಿತಿ, ಸಾಮಾನ್ಯವಾಗಿ ಅದರ ಅರ್ಧದಲ್ಲೇ ನಿಲ್ಲಿಸುತ್ತೇನೆ. ಅಳೆಯಲು ಸೂಜಿ ತೆಗೆದ ಸಿರಿಂಜ್ ಸಾಕು. ಥರ್ಮಾಕೋಲ್ ಡಬ್ಬಿ, ತೆಳು ಪ್ಲಾಸ್ಟಿಕ್ ಲೋಟ ಬೇಡ. ಈ ಎಣ್ಣೆ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ.

ಲೀಟರಿಗೆ 40, 50 ಮಿಲಿಗ್ರಾಂ ಅಂತ ಓದಿದ್ದರೆ ಅದು ಬೇರೆ ಲೆಕ್ಕ. ತಾಯಿ ಮೀನನ್ನು ಹಿಡಿದು ಕೆಲಸ ಮಾಡುವಾಗ ಪೂರ್ತಿ ಅಮಲು ಬರಿಸಲು, ಅದೂ ಸ್ವಲ್ಪ ಹೊತ್ತಿಗೆ. ಆ ಡೋಸಿನಲ್ಲಿ ರಾತ್ರಿಯೆಲ್ಲಾ ಸಾಗಿಸಿದರೆ ಬೆಳಿಗ್ಗೆ ಇಳಿಸಲು ಏನೂ ಉಳಿದಿರುವುದಿಲ್ಲ.

ದಾರಿಯಲ್ಲಿ ತಿಪಟೂರಿನಲ್ಲಿ ಟೀಗೆ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುತ್ತೇವೆ. ಮೊದಲ ಸಲ ಡ್ರೈವರ್ ಹುಡುಗ ಹೆದರಿಬಿಟ್ಟ. "ಅಣ್ಣಾ, ಎಲ್ಲಾ ಹೋಗ್ಬಿಟ್ವಾ?" ಅಂದ. "ಕಿವಿರು ನೋಡೋ" ಅಂದೆ. ಡೋಸ್ ಸರಿ ಇದ್ದರೆ ಮರಿ ನೆಟ್ಟಗೇ ಇರುತ್ತದೆ, ಪಕ್ಕದ ರೆಕ್ಕೆ ಸಣ್ಣಗೆ ಆಡುತ್ತಿರುತ್ತದೆ. ಕಿವಿರಿನ ಮುಚ್ಚಳ ನಿಧಾನವಾಗಿ, ಆದರೆ ಒಂದೇ ಸಮನೆ ತೆಗೆದು ಮುಚ್ಚುತ್ತಿರುತ್ತದೆ. ಟ್ಯಾಂಕ್ ತಟ್ಟಿದರೆ ಸ್ವಲ್ಪ ಸರಿಯುತ್ತವೆ, ಹಾರುವುದಿಲ್ಲ. ಮಗ್ಗುಲಿಗೆ ವಾಲಿದರೆ ಡೋಸ್ ಜಾಸ್ತಿ. ಆಗ ಅರ್ಧ ನೀರು ತೆಗೆದು ಹೊಸ ನೀರು ಹಾಕಲೇಬೇಕು, ಹಾಗಾಗಿ ಒಂದೆರಡು ಕ್ಯಾನ್ ಒಳ್ಳೆ ನೀರು ಗಾಡಿಯಲ್ಲಿ ಇರಲಿ. ಆಕ್ಸಿಜನ್ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಈ ಸೌಕರ್ಯ ಇಲ್ಲ, ಕಟ್ಟಿದ ಮೇಲೆ ಮುಗಿಯಿತು. ಚೀಲಕ್ಕೆ ಇನ್ನೂ ಕಡಿಮೆ ಹಾಕುತ್ತೇನೆ.

ಕಾಟ್ಲಾಕ್ಕೆ ಲಾಭ ಎದ್ದು ಕಾಣುತ್ತದೆ, ಅದು ಮೊದಲೇ ನಾಜೂಕು. ಸಾಮಾನ್ಯ ಗೆಂಡೆ ಗಟ್ಟಿ ಜೀವ, ಎಣ್ಣೆ ಇಲ್ಲದೆಯೂ ಬಂದು ಸೇರುತ್ತದೆ. ಕೋಲಾರದಿಂದ ಮುಳಬಾಗಿಲಿನಂಥ ಹತ್ತಿರದ ಊರಿಗೆ ಮರಿ ಒಯ್ಯುವವರು ಇದನ್ನು ಕೊಳ್ಳಲೇಬೇಡಿ.

ಒಂದೂವರೆ ಅಂಕ ಕಳೆದಿದ್ದು ಯಾಕೆ ಅಂದರೆ, ಬಾಟಲಿಯಿಂದ ಬಾಟಲಿಗೆ ಗುಣ ಬೇರೆ. ಒಂದು ಅಂಗಡಿಯ ಎಣ್ಣೆ ವಾಸನೆ ಘಮ್ಮೆಂದಿತ್ತು, ಮರಿಗೆ ಏನೂ ಆಗಲಿಲ್ಲ, ಬೇರೆ ಎಣ್ಣೆ ಬೆರೆಸಿದ್ದಿರಬೇಕು. ಈಗ ಹೊಸ ಬಾಟಲಿ ತಂದಾಗಲೆಲ್ಲಾ ಒಂದು ಬಕೆಟ್ ನೀರಿನಲ್ಲಿ ನಾಲ್ಕೈದು ಮರಿ ಬಿಟ್ಟು ನೋಡಿಯೇ ಟ್ಯಾಂಕಿಗೆ ಹಾಕುವುದು. ಬಿಸಿಲುಗಾಲದಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ, ನೀರು ಬೆಚ್ಚಗಿದ್ದರೆ ಅಮಲು ಬೇಗ ಏರುತ್ತದೆ.

ಖರ್ಚು ಲೆಕ್ಕಕ್ಕೇ ಇಲ್ಲ. 500 ಲೀಟರ್ ಟ್ಯಾಂಕಿಗೆ ಮೇಲಿನ ಮಿತಿಯಲ್ಲೂ 5 ಮಿ.ಲೀ. ಎಣ್ಣೆ. ಆದರೆ ಒಂದು ದಿನ ಮೇವು ನಿಲ್ಲಿಸಿ, ಹಾಪಾದಲ್ಲಿ (ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿ) ಬಿಟ್ಟು ಹೊಟ್ಟೆ ಖಾಲಿ ಮಾಡಿಸದ ಮರಿಗೆ ಯಾವ ಎಣ್ಣೆ ಹಾಕಿದರೂ ದಂಡ. ದಾರಿಯಲ್ಲಿ ಅದು ಹಾಕುವ ಹೊಲಸೇ ಅದನ್ನು ಕೊಲ್ಲುತ್ತದೆ. ಆಕ್ಸಿಜನ್ ಸಿಲಿಂಡರ್ ಕೂಡ ಹಾಗೇ. ಕಾಸು ಕಡಿಮೆ ಇದ್ದರೆ ಮೊದಲು ಸಿಲಿಂಡರ್ ತುಂಬಿಸಿ, ಎಣ್ಣೆ ಆಮೇಲೆ.

ಜೀವಂತ ಮೀನು ಮಾರುವ ಗೆಳೆಯರು ಕೇಳುತ್ತಿರುತ್ತಾರೆ, ಬೆಂಗಳೂರಿಗೆ ಒಯ್ಯುವಾಗ ನಾವೂ ಹಾಕಬಹುದಾ ಅಂತ. ನಾನು ಹಾಕುವುದಿಲ್ಲ. ಮರಿ ಬೆಳೆದು ತಟ್ಟೆಗೆ ಬರಲು ತಿಂಗಳುಗಟ್ಟಲೆ ಸಮಯ ಇದೆ, ಮಾರುವ ಮೀನು ಅದೇ ದಿನ ಸಾರಿಗೆ ಬೀಳುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಲವಂಗದ ಎಣ್ಣೆಯನ್ನು ಮೀನಿನ ಅರಿವಳಿಕೆಯಾಗಿ ಒಪ್ಪಿಲ್ಲ. ಅವರಿಗೆ ನೀರು ತಣ್ಣಗಿಟ್ಟುಕೊಂಡು, ಮೀನು ಕಡಿಮೆ ತುಂಬಿಸಿ ಎಂದಷ್ಟೇ ಹೇಳುತ್ತೇನೆ.