ಕಡಲಿನ ಬಣ್ಣ ಅಳೆಯಲು ವಿಮಾನವೋ, ಉಪಗ್ರಹವೋ?

ನೀರಿನ ಬಣ್ಣ ಅಳೆದು ಇಡೀ ಅರಬ್ಬಿ ಸಮುದ್ರದಲ್ಲಿ ಪಾಚಿ ಎಲ್ಲಿ ಹೆಚ್ಚಿದೆ ಎಂದು ನೋಡಬೇಕೇ? ಉಪಗ್ರಹ ಸಾಕು. 2022ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರ ಕ್ಯಾಮೆರಾ ಬೆಳಕನ್ನು 13 ಬಣ್ಣಪಟ್ಟಿಗಳಾಗಿ ಬಿಡಿಸಿ ನೋಡುತ್ತದೆ. ಆದರೆ ಚಿತ್ರದ ಒಂದೊಂದು ಚುಕ್ಕೆಯೂ ಸುಮಾರು 360 ಮೀಟರ್ ಅಗಲ. ಸಣ್ಣ ಅಳಿವೆ ಅದರಲ್ಲಿ ಕಳೆದೇ ಹೋಗುತ್ತದೆ.

ಅಳಿವೆ, ಹವಳದ ದಿಬ್ಬಗಳಿಗೆ ನನ್ನ ಮತ ವಿಮಾನಕ್ಕೇ. 2016ರಲ್ಲಿ ಇಸ್ರೋ ವಿಮಾನದಲ್ಲಿ ಭಾರತದ ಮೇಲೆ ಹಾರಿದ ನಾಸಾದ ಅವಿರಿಸ್-ಎನ್‌ಜಿ ಎಂಬ ಕ್ಯಾಮೆರಾ 400ಕ್ಕೂ ಹೆಚ್ಚು ಪಟ್ಟಿಗಳಲ್ಲಿ, ಕೆಲವೇ ಮೀಟರ್ ಸೂಕ್ಷ್ಮತೆಯಲ್ಲಿ ಚಿತ್ರ ತೆಗೆಯಿತು. ಮೋಡ ಕವಿದರೆ ನಾಳೆ ಹಾರಬಹುದು. ನೀರಿನ ಮೇಲಿನ ಬಿಸಿಲ ಝಳಪು ತಪ್ಪಿಸಲು ಸೂರ್ಯನತ್ತ ಅಥವಾ ಸೂರ್ಯನಿಗೆ ಬೆನ್ನು ಹಾಕಿ ಹಾರುತ್ತಾರೆ. ಉಪಗ್ರಹಕ್ಕೆ ಈ ಸ್ವಾತಂತ್ರ್ಯ ಎಲ್ಲಿ? ಆದರೆ ಖರ್ಚು ಜಾಸ್ತಿ. ವರ್ಷವಿಡೀ ಮತ್ತೆ ಮತ್ತೆ ನೋಡಬೇಕಾದರೆ ವಿಮಾನ ಕೈಗೆಟುಕದು. ಯಾವುದನ್ನೇ ಆರಿಸಿ, ಲೆಕ್ಕ ತಾಳೆ ನೋಡಲು ದೋಣಿಯಲ್ಲಿ ಹೋಗಿ ನೀರಿನ ಮಾದರಿ ತರಲೇಬೇಕು.