ಎರಡು ಗಡಿಶಿಖರಗಳ ನೋಟ: ತ್ಸುಗ್‌ಸ್ಪಿಟ್ಸೆಯೋ ಪುಂಟಾ ಹೆಲ್ಬ್ರೊನರೋ?

ಮ್ಯೂನಿಕ್‌ನ ನಮ್ಮ ಮನೆಗೆ ಊರಿನಿಂದ ಯಾರೇ ಬಂದರೂ ಆಲ್ಪ್ಸ್ ನೋಡಬೇಕೆನ್ನುತ್ತಾರೆ; ಯಾವ ಶಿಖರದಿಂದ ನೋಡಬೇಕೆಂದು ತೀರ್ಮಾನಿಸುವ ಹೊಣೆ ನನ್ನ ಮೇಲೆ ಬೀಳುತ್ತದೆ. ಬೆಟ್ಟ ಹತ್ತಲಾಗದ ಹಿರಿಯರನ್ನೂ ಕೇಬಲ್ ಕಾರಿನಲ್ಲಿ ಕರೆದೊಯ್ಯಬಹುದಾದ, ಎರಡು ದೇಶಗಳ ಗಡಿಯ ಮೇಲೆಯೇ ನಿಂತಿರುವ ಎರಡು ಶಿಖರಗಳಿಗೆ ನಾನು ಹೋಗಿಬಂದಿದ್ದೇನೆ: ಜರ್ಮನಿ ಮತ್ತು ಆಸ್ಟ್ರಿಯಾ ನಡುವಿನ ತ್ಸುಗ್‌ಸ್ಪಿಟ್ಸೆ (2962 ಮೀಟರ್), ಇಟಲಿ ಮತ್ತು ಫ್ರಾನ್ಸ್ ನಡುವಿನ ಪುಂಟಾ ಹೆಲ್ಬ್ರೊನರ್ (3466 ಮೀಟರ್). ಐನೂರು ಮೀಟರ್ ಹೆಚ್ಚು ಎತ್ತರದ ಎರಡನೆಯದರಿಂದಲೇ ನೋಟ ಹೆಚ್ಚು ವಿಶಾಲವಾಗಿರಬೇಕೆಂದು ಮೊದಲು ಎಣಿಸಿದ್ದೆ. ಆ ಎಣಿಕೆ ತಪ್ಪಿತು.

ತ್ಸುಗ್‌ಸ್ಪಿಟ್ಸೆಗೆ ಏರಲು ಮೂರು ಬಗೆಗಳಿವೆ. ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್‌ನಿಂದ ಹೊರಡುವ ಹಲ್ಲುಹಳಿಯ ರೈಲು ಕೊನೆಯಲ್ಲಿ ಬಹುದೂರ ಸುರಂಗದೊಳಗೇ ಸಾಗುವುದರಿಂದ, ನೋಟಕ್ಕಾಗಿ ಹೋಗುವವರಿಗೆ ಅದು ನಷ್ಟದ ದಾರಿ. ಆಸ್ಟ್ರಿಯಾದ ಏರ್ವಾಲ್ಡ್ ಕಡೆಯಿಂದ ಟಿರೋಲ್‌ನ ಕೇಬಲ್ ಕಾರು ಇದೆ. ನಾನು ಆರಿಸುವುದು ಐಬ್‌ಸೇ ಸರೋವರದ ಬಳಿಯಿಂದ 2017ರ ಡಿಸೆಂಬರ್‌ನಲ್ಲಿ ಆರಂಭವಾದ ಕೇಬಲ್ ಕಾರನ್ನು. ಅದರ ಇಡೀ ದಾರಿಗೆ 127 ಮೀಟರ್ ಎತ್ತರದ ಒಂದೇ ಒಂದು ಉಕ್ಕಿನ ಕಂಬವಿದೆ. ಆ ಕಂಬ ದಾಟಿದ ಮೇಲೆ 3213 ಮೀಟರ್ ದೂರದವರೆಗೆ ಹಗ್ಗಕ್ಕೆ ಯಾವ ಆಸರೆಯೂ ಇಲ್ಲ. ಹತ್ತು ನಿಮಿಷಗಳಲ್ಲಿ ಅದು ಏರುವ 1945 ಮೀಟರ್, ಸಮುದ್ರಮಟ್ಟದಿಂದ ನಮ್ಮ ಮುಳ್ಳಯ್ಯನಗಿರಿಯ ಎತ್ತರಕ್ಕಿಂತ ತುಸು ಹೆಚ್ಚೇ.

ಈ ಶಿಖರದ ನಿಜವಾದ ಬಂಡವಾಳ ಅದರ ಎತ್ತರವಲ್ಲ, ಅದು ಆಲ್ಪ್ಸ್‌ನ ಉತ್ತರದ ಅಂಚಿನಲ್ಲಿರುವುದು. ಉತ್ತರಕ್ಕೆ ಮುಖ ಮಾಡಿ ನಿಂತರೆ ಬೆಟ್ಟಗಳು ಒಮ್ಮೆಗೇ ಮುಗಿದುಹೋಗುತ್ತವೆ: ಕಾಲಬುಡದಲ್ಲಿ ಐಬ್‌ಸೇಯ ಹಸಿರುನೀಲಿ ನೀರು ಮತ್ತು ಅದರ ಪುಟ್ಟ ನಡುಗಡ್ಡೆಗಳು, ಅದರಾಚೆ ಕಣ್ಣು ಸೋಲುವವರೆಗೂ ಬವೇರಿಯಾದ ಬಯಲು. ಹಾಗೆಯೇ ಹಿಂದಕ್ಕೆ ತಿರುಗಿದರೆ ಬಯಲೆಂಬುದರ ಸುಳಿವೇ ಇಲ್ಲದೆ, ಸಾಲಿನ ಹಿಂದೆ ಸಾಲು ಸೇರಿ ದಕ್ಷಿಣ ದಿಗಂತವೆಲ್ಲ ಶಿಖರಗಳೇ. ನಾಲ್ಕು ದೇಶಗಳ ಸುಮಾರು 400 ಶಿಖರಗಳು ಕಾಣುತ್ತವೆಂಬುದು ಇಲ್ಲಿನ ಹೆಮ್ಮೆಯ ಮಾತು. ನಾನು ಎಣಿಸಿಲ್ಲ, ಆದರೆ ದಕ್ಷಿಣದಿಂದ "ಫೋನ್" (Föhn) ಎಂಬ ಬೆಚ್ಚನೆಯ ಒಣಗಾಳಿ ಬೀಸಿ ಆಕಾಶ ತೊಳೆದಿಟ್ಟಂತಿದ್ದ ಅಕ್ಟೋಬರ್‌ನ ಒಂದು ದಿನ, ಆಸ್ಟ್ರಿಯಾದ ಅತಿ ಎತ್ತರದ ಗ್ರೋಸ್‌ಗ್ಲೋಕ್ನರ್‌ನ ಚೂಪನ್ನು ಗುರುತಿಸಿದ್ದೆ. ಮ್ಯೂನಿಕ್‌ನಲ್ಲಿ ಹಲವರು ತಲೆನೋವಿಗೆ ದೂರುವ ಗಾಳಿಯೇ ಇದು.

ದೂರಬೇಕಾದ್ದೂ ಇದೆ. ಮೊದಲು ಮೂರು ತುದಿಗಳಿದ್ದ ಈ ಬೆಟ್ಟದಲ್ಲಿ ಮಧ್ಯದ್ದು ಕೇಬಲ್ ಕಾರಿನ ನಿಲ್ದಾಣಕ್ಕೆ ಬಲಿಯಾಯಿತು. ಪಶ್ಚಿಮದ್ದನ್ನು ವಿಮಾನ ನಿಯಂತ್ರಣ ಕೇಂದ್ರ ಕಟ್ಟಲೆಂದು 1938ರಲ್ಲಿ ಸಿಡಿಸಿದರು, ಕೇಂದ್ರ ಮಾತ್ರ ಏಳಲೇ ಇಲ್ಲ. ಹಳೆಯ ರೂಪದಲ್ಲಿ ಉಳಿದಿರುವುದು ಚಿನ್ನದ ಶಿಲುಬೆ ಹೊತ್ತ ಪೂರ್ವದ ತುದಿಯೊಂದೇ. ಉಳಿದೆಡೆ ಕಟ್ಟಡಗಳೂ ಕಂಬಗಳೂ ಅಡ್ಡ ಬರುವುದರಿಂದ ಒಂದೇ ಜಾಗದಲ್ಲಿ ನಿಂತು ಸುತ್ತಲೂ ನೋಡಲಾಗದು. ಬವೇರಿಯಾದ ಕಟ್ಟೆಯಿಂದ ಟಿರೋಲ್‌ನ ಕಟ್ಟೆಗೆ, ಅಂದರೆ ಒಂದು ದೇಶದಿಂದ ಇನ್ನೊಂದಕ್ಕೆ, ಹಲವು ಬಾರಿ ಓಡಾಡಬೇಕು. ಹಳದಿ ಕೊಕ್ಕಿನ ಬೆಟ್ಟದ ಕಾಗೆಗಳು ಕಟಕಟೆಯ ಮೇಲೆ ಕುಳಿತು, ನಮ್ಮ ಕೈಯಲ್ಲಿದ್ದ ಚಪಾತಿಯ ಸುರುಳಿಯನ್ನು ಕತ್ತು ವಾರೆ ಮಾಡಿ ನೋಡುತ್ತಿದ್ದವು.

ಒಂದೆಡೆ ನಿಂತು ಸುತ್ತಲೂ ನೋಡುವ ವಿಷಯದಲ್ಲಿ ಪುಂಟಾ ಹೆಲ್ಬ್ರೊನರ್ ಬಹಳ ಮುಂದಿದೆ. ಇಟಲಿಯ ಕೂರ್ಮೇಯೋರ್ ಬಳಿಯಿಂದ 2015ರಲ್ಲಿ ಆರಂಭವಾದ "ಸ್ಕೈವೇ" ಕೇಬಲ್ ಕಾರಿನ ದುಂಡು ಕ್ಯಾಬಿನ್ ಏರುತ್ತಲೇ ನಿಧಾನವಾಗಿ ತಿರುಗುವುದರಿಂದ ಕಿಟಕಿಗಾಗಿ ಪೈಪೋಟಿ ಇರುವುದಿಲ್ಲ. ತುದಿಯಲ್ಲಿರುವ ವೃತ್ತಾಕಾರದ ಕಟ್ಟೆಯಿಂದ ಸುತ್ತಲೂ ಒಂದೇ ನೋಟದಲ್ಲಿ ಕಾಣುತ್ತದೆ. ಫ್ರೆಂಚ್ ಆಲ್ಪ್ಸ್‌ನ ಭೂಮಾಪನ ಮಾಡಿದ ಪಾಲ್ ಎಲ್ಬ್ರೊನರ್ ಅವರ ಹೆಸರು ಈ ತುದಿಗಿರುವುದು ಒಪ್ಪುವ ಮಾತೇ. ಆದರೆ ಇಲ್ಲಿ ಕಾಣುವುದು ವಿಸ್ತಾರಕ್ಕಿಂತ ಹೆಚ್ಚಾಗಿ ಸಾಮೀಪ್ಯ. ಪಶ್ಚಿಮದಲ್ಲಿ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂಟೆ ಬಿಯಾಂಕೊ, ಅಂದರೆ ಮೋ ಬ್ಲಾಂ, ಇನ್ನೂ 1300 ಮೀಟರಿಗೂ ಹೆಚ್ಚು ಮೇಲೆದ್ದು ಆ ದಿಕ್ಕಿನ ಆಕಾಶವನ್ನೇ ಮುಚ್ಚಿಬಿಡುತ್ತದೆ. ಇನ್ನೊಂದು ಬದಿಯಲ್ಲಿ 4013 ಮೀಟರ್‌ನ "ರಾಕ್ಷಸನ ಹಲ್ಲು" ಹೆಸರಿಗೆ ತಕ್ಕಂತೆ ಕಡಿದಾದ ಗ್ರಾನೈಟ್ ಕೋರೆಯಾಗಿ ನಿಂತಿದೆ. ಕೆಳಗೆ ಹಿಮನದಿಯ ಮೇಲೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಮೂವರು ಆರೋಹಿಗಳು ಫ್ರಾನ್ಸ್ ಕಡೆಗೆ ನಡೆಯುತ್ತಿದ್ದರು; ಅವರು ಚುಕ್ಕೆಗಳಾಗಿ ಕರಗಿದ ಮೇಲೂ ಹೆಜ್ಜೆಗಳ ಗೆರೆ ಹಿಮದ ಮೇಲೆ ಸ್ಪಷ್ಟವಾಗಿ ಉಳಿದಿತ್ತು. ಅಂಥ ದೃಶ್ಯ ತ್ಸುಗ್‌ಸ್ಪಿಟ್ಸೆಯಲ್ಲಿ ಸಿಗದು. ಅಲ್ಲಿನ ದಕ್ಷಿಣ ಷ್ನೇಫರ್ನರ್ ಎಂಬ ಹಿಮನದಿ ಎಷ್ಟು ಕರಗಿಹೋಯಿತೆಂದರೆ 2022ರಲ್ಲಿ ಅದನ್ನು ಹಿಮನದಿಗಳ ಪಟ್ಟಿಯಿಂದಲೇ ಕೈಬಿಟ್ಟರು.

ಹೆಲ್ಬ್ರೊನರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ, ಮೆಟ್ಟಿಲು ಏರಿದ ನಮ್ಮತ್ತೆ ಎರಡು ಬಾರಿ ಕುಳಿತು ಸುಧಾರಿಸಿಕೊಂಡರು. ತ್ಸುಗ್‌ಸ್ಪಿಟ್ಸೆಯಲ್ಲಿ ಅವರಿಗೆ ಅಷ್ಟು ದಣಿವಾಗಿರಲಿಲ್ಲ. ಆದ್ದರಿಂದ ಒಂದೇ ದಿನ ಬಿಡುವಿರುವವರನ್ನು, ಹಿರಿಯರು ಜೊತೆಗಿರುವವರನ್ನು ನಾನು ತ್ಸುಗ್‌ಸ್ಪಿಟ್ಸೆಗೇ ಕರೆದೊಯ್ಯುತ್ತೇನೆ. ಹಿಮನದಿಯನ್ನೂ ಬಂಡೆಯನ್ನೂ ಹತ್ತಿರದಿಂದ ನೋಡಲೇಬೇಕೆನ್ನುವವರು ಹೆಲ್ಬ್ರೊನರ್‌ಗೆ ಹೋಗಲಿ, ಆದರೆ ಬೆಳಿಗ್ಗೆಯೇ ಹೋಗಲಿ: ಮೋ ಬ್ಲಾಂ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನದ ನಂತರ ಸೂರ್ಯ ಅದರ ಹಿಂದೆ ಸರಿದು, ನಮ್ಮತ್ತ ಇರುವ ಅದರ ಮೈ ನೆರಳಾಗಿಬಿಡುತ್ತದೆ. ಎರಡಕ್ಕೂ ಅನ್ವಯಿಸುವ ಎಚ್ಚರಿಕೆ ಒಂದೇ. ಟಿಕೆಟ್ ಕೊಳ್ಳುವ ಮುನ್ನ ಶಿಖರದ ವೆಬ್‌ಕ್ಯಾಮ್ ನೋಡಬೇಕು. ಹಾಗೆ ನೋಡದೆ ಹೋದ ಆಗಸ್ಟ್‌ನ ಮೊದಲ ಭೇಟಿಯಲ್ಲಿ ನಾನು ತ್ಸುಗ್‌ಸ್ಪಿಟ್ಸೆಯ ಮೇಲೆ ಎರಡು ಗಂಟೆ ಕಾದು, ಬಿಳಿ ಮಂಜಿನ ನಡುವೆ ನನ್ನ ಮುಂದಿನ ಕಟಕಟೆಯನ್ನಷ್ಟೇ ನೋಡಿ ಬಂದಿದ್ದೆ.